ಹಡಗಿನ ಅಡುಗೆಮನೆ

ಹಡಗಿನ ಮಾದರಿಯನ್ನು ಒಯ್ಯಲು ತಿಪಟೂರಿನ ಶಾಲೆಯವರು ಊಟದ ಹೊತ್ತಿಗಿಂತ ಮುಂಚೆಯೇ ವ್ಯಾನು ತರುತ್ತೇವೆಂದು ಹೇಳಿದ್ದರು. ಮಾಯಣ್ಣ ಎದ್ದಾಗಿನಿಂದ ಹಳೇ ಬನಿಯನ್ನಿನ ಚೂರೊಂದನ್ನು ಹಿಡಿದು ಹಡಗಿನ ಕಂಬಿಗಳನ್ನು ಒರೆಸುತ್ತಲೇ ಇದ್ದ. ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ. ಮೂತಿಯಿಂದ ಬಾಲದವರೆಗೆ ಡೆಕ್ಕಿನ ಅಂಚಿಗೆ ನಿಂತ ಹಿತ್ತಾಳೆ ಕಂಬಿಗಳು, ಒಂದೊಂದೂ ಬೆಂಕಿಕಡ್ಡಿಗಿಂತ ತೆಳು, ಹೆಂಚಿನ ಸಂದಿನಿಂದ ಬಿದ್ದ ಬಿಸಿಲಿಗೆ ಆಗಲೇ ಮಿನುಗುತ್ತಿದ್ದವು. ಆದರೆ ಕೈ ನಿಂತರೆ ಕಣ್ಣು ನಡುಡೆಕ್ಕಿನ ಕಡೆಗೆ ಹೋಗುತ್ತಿತ್ತು. ಅಲ್ಲಿ, ದೊಡ್ಡ ಹೊಗೆಕೊಳವೆಯ ಮುಂದೆ, ಅಂಗೈಯಗಲದ ಒಂದು ಚೌಕ ಬಾಯಿ ತೆರೆದುಕೊಂಡಿತ್ತು. ಮುಗಿದುಹೋಗಿದ್ದ ಹಡಗನ್ನು ಹೋದ ತಿಂಗಳು ಅವನೇ ಗರಗಸ ಹಾಕಿ ಕೊಯ್ದದ್ದು. ಕೊಯ್ದು ತೆಗೆದ ಹಲಗೆ ಪಕ್ಕದ ಬೆಂಚಿನ ಮೇಲಿತ್ತು. ವ್ಯಾನು ಬರುವಷ್ಟರಲ್ಲಿ ಅದನ್ನು ಮತ್ತೆ ಕೂರಿಸಿ ಮುಚ್ಚಿಬಿಡಬೇಕೋ, ಹಾಗೇ ಬಿಡಬೇಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಹಡಗು ಎಂಟೂವರೆ ಅಡಿ ಉದ್ದವಿತ್ತು. ದಂಡಿನಶಿವರದಲ್ಲಿ ಅದನ್ನು ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಇದನ್ನು ಬಾಗಿಲಿಂದ ಆಚೆಗೆ ಹೇಗೆ ತೆಗೆಯುತ್ತೀಯ ಎಂದು. ಮಾಯಣ್ಣ ಆ ಬಾಗಿಲ ಅಳತೆ ನೋಡಿಕೊಂಡೇ ಕೆಲಸ ಶುರುಮಾಡಿದ್ದ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ. ಅದು ಕೊಬ್ಬರಿ ಮನೆ. ಮೇಲೆ ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ, ಕೆಳಗೆ ಹಡಗು. ಹಲಸಿನ ಪಕ್ಕೆಲುಬುಗಳು, ಅವುಗಳ ಮೇಲೆ ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿದ ತೇಗದ ಸೀಳುಗಳು. ಡೆಕ್ಕು ಮಾತ್ರ ತೆಂಗಿನದು. ಬಾವಿ ಪಕ್ಕದ ಮುದಿ ಮರವನ್ನು ಕಡಿಸಿದಾಗ ಒಳಗೆಲ್ಲ ಬರೀ ನಾರು, ಆದರೆ ಹೊರಮೈಯ ಎರಡು ಬೆರಳಿನಷ್ಟು ದಪ್ಪ ಕಬ್ಬಿಣದಂತಿತ್ತು. ಇದು ಜಂತಿಗೆ ಬಿಟ್ಟರೆ ಇನ್ಯಾವುದಕ್ಕೂ ಆಗುವುದಿಲ್ಲ ಎಂದು ಊರ ಬಡಗಿ ಕೈಬಿಟ್ಟಿದ್ದ. ಗರಗಸದ ಹಲ್ಲುಗಳು ಒಂದೊಂದಾಗಿ ಉದುರಿದ ಮೇಲೂ ಮಾಯಣ್ಣ ಬಿಡಲಿಲ್ಲ. ಉಜ್ಜಿ ಉಜ್ಜಿ ಎಣ್ಣೆ ಕೊಟ್ಟ ದಿನ ಆ ಕಪ್ಪು ಗೆರೆಗಳು ಮಳೆ ಹನಿ ಓಡಿದಂತೆ ಎದ್ದು ಬಂದಾಗ, ಒಬ್ಬನೇ ಇದ್ದುದರಿಂದ, ಅವನು ನಾಚಿಕೆಯಿಲ್ಲದೆ ನಕ್ಕಿದ್ದ. ನೌಕಾಪಡೆಯಲ್ಲಿ ಅವನು ಕೆಲಸ ಮಾಡಿದ್ದ ನಿಜವಾದ ಹಡಗಿನ ಡೆಕ್ಕು ಉಕ್ಕಿನದು, ಬಳಿದ ಬಣ್ಣ ಬೂದಿಯದು. ಆ ಹಡಗು ಈಗ ಇಲ್ಲ. ಅದನ್ನು ಗುಜರಾತಿನ ದಡಕ್ಕೆಳೆದು ಒಡೆದುಹಾಕಿದರಂತೆ ಎಂದು ಜೊತೆಗಿದ್ದವನೊಬ್ಬ ಫೋನಿನಲ್ಲಿ ಹೇಳಿದ ದಿನ ಮಾಯಣ್ಣ ತೋಟಕ್ಕೆ ನೀರು ಬಿಟ್ಟಿದ್ದ. ನೀರು ಪಾತಿ ತುಂಬಿ ದಾರಿಗೆ ಹರಿದು ಪಕ್ಕದವರ ರಾಗಿ ಹೊಲಕ್ಕೆ ಹೋದರೂ ಅವನಿಗೆ ಗೊತ್ತಾಗಿರಲಿಲ್ಲ.

ಕಂಬಿ ಒರೆಸುವ ಬಟ್ಟೆ ಮುಂಭಾಗದ ಫಿರಂಗಿಗೆ ಬಂತು. ಜೋಡಿ ನಳಿಗೆ, ಹಿತ್ತಾಳೆಯದು. ತುರುವೇಕೆರೆಯ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮುನಾವರ್ ಹಳೇ ವಾಲ್ವುಗಳನ್ನು ಲೇತು ಯಂತ್ರಕ್ಕೆ ಕೊಟ್ಟು ತೀಡಿದ್ದು. ಬೆರಳಿನಿಂದ ಒತ್ತಿದರೆ ಅದು ಸದ್ದಿಲ್ಲದೆ ತಿರುಗುತ್ತಿತ್ತು, ನಳಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ನಿಜವಾದ ಫಿರಂಗಿಯನ್ನು ಮಾಯಣ್ಣ ಮುಟ್ಟಿಯೂ ಇರಲಿಲ್ಲ. ಅವನಿಗೆ ಅದು ಗೊತ್ತಿದ್ದದ್ದು ಕೆಳಗಿನಿಂದ. ಅಭ್ಯಾಸದ ದಿನ ಮೇಲೆ ಗುಂಡು ಹಾರಿದರೆ ಕೆಳಗೆ ಅವನ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳೆಲ್ಲ ಒಮ್ಮೆಗೇ ಹಲ್ಲು ಕಡಿದಂತೆ ನಡುಗುತ್ತಿದ್ದವು, ಬೇಳೆಯ ಮೇಲಿನ ನೊರೆ ತಾನಾಗೇ ಬಿರುಕು ಬಿಡುತ್ತಿತ್ತು. ರಜೆಯಲ್ಲಿ ಊರಿಗೆ ಬಂದಾಗ ಯಾರೋ ಫಿರಂಗಿ ಹೇಗೆ ಸದ್ದು ಮಾಡುತ್ತದೆ ಎಂದು ಕೇಳಿದ್ದಕ್ಕೆ ಅವನು ತಟ್ಟೆಗಳ ಸದ್ದನ್ನು ಹೇಳಿದ್ದ. ಕೇಳಿದವರು ಬಿದ್ದು ಬಿದ್ದು ನಕ್ಕಿದ್ದರು. ಅಪ್ಪ ದೊಡ್ಡರಂಗಯ್ಯ ಮಾತ್ರ ನಕ್ಕಿರಲಿಲ್ಲ, ಎದ್ದು ದನಕ್ಕೆ ಹುಲ್ಲು ಹಾಕಲು ಹೋಗಿದ್ದ.

ಹುಲ್ಲು ಹಾಕಲು ಹೋದ ಅಪ್ಪನ ಬೆನ್ನು ಈಗಲೂ ಕಾಣುತ್ತದೆ. ಮಗ ನೌಕಾಪಡೆಗೆ ಸೇರಿದನೆಂದು ಮಾಯಸಂದ್ರದ ಸಂತೆಯವರೆಗೂ ಹೇಳಿಕೊಂಡು ಬಂದಿದ್ದ ಬೆನ್ನು ಅದು. ಸೇರಿದ್ದು ಅಡುಗೆಗೆ ಎಂದು ತಿಳಿದಮೇಲೆ ಅಪ್ಪ ಒಂದು ಮಾತೂ ಆಡಲಿಲ್ಲ, ಆಡದೇ ಇದ್ದದ್ದೇ ಮಾಯಣ್ಣನಿಗೆ ಉಳಿದುಬಿಟ್ಟಿತು. ನಿವೃತ್ತಿಯಾಗಿ ಬಂದ ವರ್ಷ ಸಂಬಂಧಿಕರ ಮದುವೆಯಲ್ಲಿ ಅಡುಗೆಯವರು ಕೈಕೊಟ್ಟಾಗ ನಾಲ್ಕು ಜನ ಬಂದು, ಯುದ್ಧದ ಹಡಗಲ್ಲೇ ಬೇಯ್ಸಿದೋನಿಗೆ ಇದೇನು ಮಹಾ ಎಂದು ಎಳೆದುಕೊಂಡು ಹೋಗಿದ್ದರು. ಉಪ್ಪಿಟ್ಟು ಚೆನ್ನಾಗಿತ್ತು. ಅವತ್ತಿನಿಂದ ಅವನ ಹೆಸರಿನ ಮುಂದೆ ಉಪ್ಪಿಟ್ಟು ಸೇರಿಕೊಂಡಿತು. ಯಾರೂ ಕೆಟ್ಟ ಮನಸ್ಸಿನಿಂದ ಕರೆಯುತ್ತಿರಲಿಲ್ಲ. ಅದಕ್ಕೇ ಸಿಟ್ಟು ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಹಡಗಿನ ಕೆಲಸ ಶುರುವಾದ ಮೇಲೆ ಆ ಹೆಸರು ತಾನಾಗೇ ಸವೆಯುತ್ತ ಬಂತು. ಈಗ ಅಂಗಡಿ ಮುಂದೆ ಹೋದರೆ ಹಡಗಿನ ಮಾಯಣ್ಣ ಎನ್ನುತ್ತಾರೆ, ಬೆಂಚಿನ ಮೇಲೆ ಸರಿದು ಜಾಗ ಕೊಡುತ್ತಾರೆ. ಹಾಗೆ ಜಾಗ ಕೊಟ್ಟಾಗಲೆಲ್ಲ ಅವನ ಎದೆ ಹಿಗ್ಗುತ್ತಿತ್ತು, ಅದರ ಹಿಂದೆಯೇ ಒಂದು ಸಂಶಯ ಬಂದು ಕುಕ್ಕುತ್ತಿತ್ತು. ತಾನು ಕಟ್ಟುತ್ತಿರುವುದು ಆ ಒಡೆದುಹೋದ ಹಡಗನ್ನೋ, ಅಥವಾ ಉಪ್ಪಿಟ್ಟಿನ ಮೇಲೆ ಮುಚ್ಚಲು ಒಂದು ಮುಚ್ಚಳವನ್ನೋ?

ಆ ಸಂಶಯಕ್ಕೆ ಬಾಯಿ ಬಂದದ್ದು ಮುನಾವರನಿಂದ. ಫಿರಂಗಿ ಕೂರಿಸಲು ಬಂದಿದ್ದ ದಿನ. ಮುನಾವರ್ ಹೆಚ್ಚು ಮಾತಿನವನಲ್ಲ, ಲೇತಿನ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಕಲಿತವನು. ಕೊನೆಯ ತಿರುಪು ಬಿಗಿದು, ಎರಡು ಹೆಜ್ಜೆ ಹಿಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ತುಂಬ ಹೊತ್ತು ನೋಡಿದ. ಅವನ ಮುಖದಲ್ಲಿ ತನ್ನ ಮುಖದಲ್ಲಿದ್ದದ್ದೇ ಇದ್ದುದನ್ನು ಕಂಡು ಮಾಯಣ್ಣನಿಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತ್ತು.

"ಎಲ್ಲಾ ಆಯ್ತಲ್ಲ ಮಾಯಣ್ಣ," ಎಂದ ಮುನಾವರ್. "ಈಗ ಹೇಳು, ಇದ್ರಲ್ಲಿ ನೀನೆಲ್ಲಿದ್ದೆ?"

ಮಾಯಣ್ಣನ ಬೆರಳು ಎದ್ದಿತು. ಮೊದಲು ಅದು ಕ್ಯಾಪ್ಟನ್ನಿನ ಮೇಲ್ಮನೆಯ ಕಡೆಗೆ ಹೊರಟಿತು, ಅಲ್ಲಿ ಕಿಟಕಿಯೊಳಗೆ ಹಿತ್ತಾಳೆಯ ಚುಕ್ಕಾಣಿಯೂ ಕುರ್ಚಿಯೂ ಇದ್ದವು. ಅಲ್ಲಿಂದ ಫಿರಂಗಿಯ ಮೇಲೆ ಹಾದು ಬಂದು, ಕೊನೆಗೆ ನಡುಡೆಕ್ಕಿನ ಮೇಲೆ, ಏನೂ ಇಲ್ಲದ ಕಡೆ ನಿಂತಿತು. "ಇಲ್ಲಿ. ಇದರ ಕೆಳಗೆ."

ಮುನಾವರ್ ಬಗ್ಗಿ, ಹಡಗಿನ ಪಕ್ಕದ ಗುಂಡು ಕಿಟಕಿಗೆ ಕಣ್ಣಿಟ್ಟ. "ಒಳಗೇನೂ ಇಲ್ವಲ್ಲ."

"ಇಲ್ಲ," ಎಂದಿದ್ದ ಮಾಯಣ್ಣ.

ಮುನಾವರ್ ಕೈ ಒರೆಸಿಕೊಂಡು, ಮಗಳು ಅಮ್ನಾಳನ್ನು ಟ್ಯೂಷನ್ನಿಂದ ಕರಕೊಂಡು ಹೋಗಬೇಕೆಂದು ಹೊರಟುಹೋದ. ಅವನು ಹೋದ ಮೇಲೆ ಮಾಯಣ್ಣ ಆ ಗುಂಡು ಕಿಟಕಿಗೆ ತನ್ನ ಕಣ್ಣನ್ನೂ ಇಟ್ಟ. ಕತ್ತಲೆ, ಹಲಸಿನ ವಾಸನೆ. ರೇಡಿಯೋ ಕೋಣೆಯ ತಂತಿಗಳನ್ನೂ ಮಾಡಿದ್ದೇನೆ, ಯಾರೂ ಬಗ್ಗಿ ನೋಡದ ಏಣಿಯ ಮೆಟ್ಟಿಲುಗಳನ್ನೂ ಮಾಡಿದ್ದೇನೆ. ಇದೊಂದು ಜಾಗವನ್ನು ಯಾಕೆ ಬಿಟ್ಟೆ? ಮರೆತದ್ದಲ್ಲ. ಆ ಡೆಕ್ಕನ್ನು ಅಂಟಿಸುವಾಗ ಅವನ ಕೈ ಒಂದು ಗಳಿಗೆ ತಡೆದಿತ್ತು, ತಡೆದದ್ದು ಯಾಕೆಂದು ಗೊತ್ತಿದ್ದೂ ಅಂಟು ಬಳಿದಿದ್ದ. ತನ್ನ ಹಡಗಿನಲ್ಲಿ ತಾನೇ ಇಲ್ಲ. ಅಪ್ಪ ಅವತ್ತು ಎದ್ದು ಹೋದ ಹಾಗೆ ತಾನೂ ಎದ್ದು ಹೋಗಿದ್ದೇನೆ ಎಂದು ಅವನಿಗೆ ಅನ್ನಿಸಿತು.

ಮಾರನೆಯ ದಿನ ಬಾಗಿಲು ಹಾಕಿಕೊಂಡು ತೆಂಗಿನ ಡೆಕ್ಕಿಗೆ ಗರಗಸ ಇಟ್ಟ. ತನ್ನ ಅತ್ಯುತ್ತಮ ಕೆಲಸ ಅದು, ಒಂದು ಸೀಳು ಎದ್ದರೂ ಹಡಗಿನ ಎದೆಯ ಮೇಲೆ ಗಾಯ ಉಳಿಯುತ್ತಿತ್ತು. ಮೊದಲ ಎಳೆತಕ್ಕೆ ಮರ ಕಿರುಚಿದ ಸದ್ದಿಗೆ ಹೆಂಡತಿ ಸಿದ್ದಮ್ಮ ಅಡುಗೆಮನೆಯಿಂದ ಏನಾಯ್ತು ಎಂದು ಕೂಗಿದ್ದಳು. ಏನಿಲ್ಲ ಎಂದಿದ್ದ. ಚೌಕ ಬಿಡಿಸಿಕೊಂಡು ಬಂದಾಗ ಒಂದು ನಾರೂ ಎದ್ದಿರಲಿಲ್ಲ. ಆಮೇಲೆ ಒಂದೊಂದೇ ಒಳಗೆ ಇಳಿಯಿತು. ಆವಿಯಲ್ಲಿ ಬೇಯಿಸುವ ದೊಡ್ಡ ಹಂಡೆಗಳು, ಹಿತ್ತಾಳೆಯವು, ಹುಣಿಸೆ ಬೀಜದಷ್ಟು. ಚಪಾತಿಯ ಅಗಲ ಕಾವಲಿ. ಹಿಟ್ಟು ನಾದುವ ಯಂತ್ರ, ಅದರ ಕೈ ತಿರುಗುತ್ತಿತ್ತು. ಹಡಗು ವಾಲಿದಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಇರುವ ಅಡ್ಡಕಂಬಿ. ಸೌಟುಗಳನ್ನು ನೇತುಹಾಕುವ ಸಾಲು ಕೊಕ್ಕೆ. ಫಿರಂಗಿ ಮಾಡಿಸುವಾಗ ಅವನು ಚಿತ್ರ ನೋಡಿ, ಅಳತೆ ನೋಡಿ, ಕೇಳಿ ಮಾಡಿಸಿದ್ದ. ಇಲ್ಲಿ ಏನನ್ನೂ ನೋಡುವ ಅಗತ್ಯ ಬೀಳಲಿಲ್ಲ. ಕಣ್ಣು ಮುಚ್ಚಿದರೆ ಉಪ್ಪಿನ ಡಬ್ಬಿ ಎಡಗೈಗೆ ಸಿಗುತ್ತಿತ್ತು.

ವ್ಯಾನು ಬಂದದ್ದು ಮಾತು ಕೊಟ್ಟದ್ದಕ್ಕಿಂತ ತಡವಾಗಿ. ಶಾಲೆಯ ಕಾರ್ಯದರ್ಶಿ ಸದಾಶಿವಯ್ಯ ಇಳಿದರು, ಅವರ ಹಿಂದೆ ಚಿತ್ರಕಲೆಯ ಮೇಡಂ ಭವ್ಯಶ್ರೀ. ಶಾಲೆಯ ಹೊಸ ಸಭಾಂಗಣದ ಬಾಗಿಲಲ್ಲಿ ಹಡಗನ್ನಿಡುವ ಗಾಜಿನ ಪೆಟ್ಟಿಗೆ ಆಗಲೇ ಸಿದ್ಧವಾಗಿತ್ತು, ದೀಪವನ್ನೂ ಹಾಕಿಸಿದ್ದರು. ಸದಾಶಿವಯ್ಯ ಹಿಂದೆ ಒಮ್ಮೆ ಬಂದು ನೋಡಿದ್ದವರೇ, ಆದರೆ ಆಗ ಹಡಗಿಗೆ ಅರ್ಧ ಬಣ್ಣವಿತ್ತು, ಫಿರಂಗಿ ಇರಲಿಲ್ಲ. ಈಗ ಕೊಬ್ಬರಿ ಮನೆಯ ಹೊಸ್ತಿಲಲ್ಲಿ ಅವರು ಹಾಗೇ ನಿಂತುಬಿಟ್ಟರು. ಕಾಲಲ್ಲಿದ್ದ ಚಪ್ಪಲಿ ಬಿಟ್ಟರು. ಯಾರೂ ಬಿಡಿ ಎಂದಿರಲಿಲ್ಲ. ಭವ್ಯಶ್ರೀ ಹಡಗನ್ನು ಸುತ್ತು ಹಾಕಿ ಬಂದು, ಡೆಕ್ಕಿನ ಮರ ಯಾವುದೆಂದು ಕೇಳಿದಳು. ತೆಂಗು ಎಂದದ್ದಕ್ಕೆ ಅವಳು ನಂಬದೆ ಅವನ ಮುಖ ನೋಡಿದಳು. ಮಾಯಣ್ಣನಿಗೆ ಕಿವಿ ಬಿಸಿಯಾಯಿತು. ಇಷ್ಟು ಸಾಕು ಎನ್ನಿಸಿತು. ಈ ಒಂದು ನೋಟಕ್ಕಾಗಿ ಬೆರಳುಗಳ ಚರ್ಮ ಹೋಯಿತಲ್ಲ, ಹೋಗಲಿ.

ಸದಾಶಿವಯ್ಯ ಚೀಲದಿಂದ ಒಂದು ಹಿತ್ತಾಳೆ ಫಲಕ ತೆಗೆದರು. ಅದರಲ್ಲಿ ಅವನ ಹೆಸರಿತ್ತು, ಊರಿತ್ತು, ಹೆಸರಿನ ಕೆಳಗೆ 'ಫಿರಂಗಿ ವೀರ' ಎಂದು ಕೆತ್ತಿಸಿದ್ದರು. ಯಾರು ಹೇಳಿದರು ಎಂದು ಮಾಯಣ್ಣ ಕೇಳಿದ. ಹಡಗು ಅಂದಮೇಲೆ ಫಿರಂಗಿಯೇ ಅಲ್ಲವೇ ಎಂದು ಅವರು ನಕ್ಕರು, ಮಕ್ಕಳಿಗೆ ಸ್ಫೂರ್ತಿ ಬೇಕು ನೋಡಿ ಎಂದರು. ಮೋಸದ ಮನುಷ್ಯರಲ್ಲ ಅವರು. ಪ್ರೀತಿಯಿಂದಲೇ ಮಾಡಿಸಿದ್ದರು, ಅಕ್ಷರಗಳು ಅಚ್ಚುಕಟ್ಟಾಗಿದ್ದವು. ಅಪ್ಪ ಇದ್ದಿದ್ದರೆ ಆ ಫಲಕವನ್ನು ಸಂತೆಗೆ ಹಿಡಿದುಕೊಂಡು ಹೋಗುತ್ತಿದ್ದ ಎಂದು ಮಾಯಣ್ಣ ಯೋಚಿಸಿದ. ಅಷ್ಟರಲ್ಲಿ ಭವ್ಯಶ್ರೀ ನಡುಡೆಕ್ಕಿನ ಚೌಕದೊಳಗೆ ಇಣುಕಿ, ಇದೇನು ಇಷ್ಟು ಮುದ್ದಾಗಿದೆ ಎಂದಳು.

"ಅಡುಗೆಮನೆ," ಎಂದ ಮಾಯಣ್ಣ. ಸ್ವಂತ ಧ್ವನಿ ಅವನಿಗೇ ಸಣ್ಣದಾಗಿ ಕೇಳಿಸಿತು.

ಸದಾಶಿವಯ್ಯನವರೂ ಬಗ್ಗಿ ನೋಡಿದರು. ಹಂಡೆಗಳನ್ನು ನೋಡಿ, ಕೆಲಸ ಸೊಗಸಾಗಿದೆ ಎಂದು ಒಪ್ಪಿಕೊಂಡರು. ಆದರೆ ಯುದ್ಧದ ಹಡಗಿನ ನಟ್ಟನಡುವೆ ಒಲೆ ಕಂಡರೆ ನೋಡುವವರ ಕಣ್ಣು ಫಿರಂಗಿ ಬಿಟ್ಟು ಇಲ್ಲಿಗೇ ಬರುತ್ತದೆ, ಮಕ್ಕಳು ನಗುತ್ತಾರೆ ಎಂದರು. ತೆಗೆದುಹಾಕಿ ಎನ್ನಲಿಲ್ಲ. ಒಳಗೆ ಇದ್ದುಕೊಳ್ಳಲಿ, ಮೇಲೆ ಮುಚ್ಚಿದರೆ ಆಯಿತಲ್ಲ, ನಿಮಗೆ ಗೊತ್ತಿದ್ದರೆ ಸಾಕಲ್ಲ ಎಂದರು. ಹೇಳುತ್ತಲೇ ಬೆಂಚಿನ ಮೇಲಿದ್ದ ಹಲಗೆಯ ಚೂರನ್ನು ಎತ್ತಿಕೊಂಡು, ಗೆರೆಗೆ ಗೆರೆ ನೋಡಿ, ಆ ಬಾಯಿಯ ಮೇಲೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರು.

ಅದು ಟಿಕ್ ಎಂದು ಕೂತಿತು. ಕೂತಮೇಲೆ ಅಲ್ಲಿ ಏನೂ ಇರಲಿಲ್ಲ. ಕೊಯ್ದ ಗೆರೆಯೂ ಕಾಣಲಿಲ್ಲ. ಕಪ್ಪು ಗೆರೆಗಳು ಮೂತಿಯಿಂದ ಹಿಂದಕ್ಕೆ ಒಂದೇ ಓಟದಲ್ಲಿ ಓಡಿದ್ದವು. ಅಬ್ಬ, ಎಂಥ ಕೈ ರೀ ನಿಮ್ಮದು ಎಂದು ಸದಾಶಿವಯ್ಯ ನಿಜವಾಗಿಯೂ ಬೆರಗಾದರು. ಮಾಯಣ್ಣನೂ ಬೆರಗಾದ. ತಾನು ಇಷ್ಟು ಚೆನ್ನಾಗಿ ಕೊಯ್ದಿದ್ದೆನೇ? ಹೆಮ್ಮೆ ಎದೆಯಲ್ಲಿ ಎದ್ದದ್ದೇ ಇಳಿದೂ ಹೋಯಿತು. ತನ್ನ ಕೈಚಳಕವೇ ತನ್ನನ್ನು ಒಳಗೆ ಹಾಕಿ ಕದವಿಕ್ಕಿತ್ತು. ವ್ಯಾನಿನಲ್ಲಿ ಬಂದಿದ್ದ ಇಬ್ಬರು ಆಳುಗಳು ಹಗ್ಗ ಹಿಡಿದು ಒಳಗೆ ಬಂದರು. ಇನ್ನು ಎತ್ತುವುದಷ್ಟೇ ಬಾಕಿ.

"ಒಂದ್ ನಿಮಿಷ ತಡೀರಿ," ಎಂದ ಮಾಯಣ್ಣ.

ಅವನು ಚೌಕದ ಮೇಲೆ ಉಗುರು ಹಾಕಿ ನೋಡಿದ. ಉಗುರಿಗೆ ಸಂದು ಸಿಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಆಳುಗಳಲ್ಲಿ ಒಬ್ಬ ಏನು ಕಳೆದುಹೋಯಿತೋ ಎಂಬಂತೆ ನೆಲ ನೋಡಿದ. ಮಾಯಣ್ಣ ಹುಡುಕಾಡಿ, ಸಣ್ಣ ಚಾಕು ತಂದು, ಅಂದಾಜಿನ ಮೇಲೆ ಅದರ ಮೊನೆಯನ್ನು ಮರಕ್ಕೆ ಚುಚ್ಚಿ ಮೀಟಿದ. ತೆಂಗಿನ ಮರ ಸುಮ್ಮನೆ ಬಿಡುವುದಿಲ್ಲ. ಮೊನೆ ಜಾರಿ ಡೆಕ್ಕಿನ ಮೇಲೆ ಬೆರಳುದ್ದದ ಒಂದು ಬಿಳಿ ಗೀರು ಎದ್ದಿತು. ಭವ್ಯಶ್ರೀ ಉಸಿರೆಳೆದುಕೊಂಡದ್ದು ಕೇಳಿಸಿತು. ಇನ್ನೊಮ್ಮೆ ಮೀಟಿದಾಗ ಹಲಗೆ ಎದ್ದು ಬಂತು. ಅದನ್ನು ಅವನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

"ಮುಚ್ಚಲ್ಲ ಸಾರ್. ನಾನಿದ್ದದ್ದು ಇಲ್ಲಿ. ಫಿರಂಗಿ ನಾನು ಮುಟ್ಟಿಲ್ಲ. ಇನ್ನೂರೈವತ್ತು ಜನಕ್ಕೆ ಅಡುಗೆ ಮಾಡ್ದೋನು ನಾನು, ಹಂಗೇ ಬರೆಸಿ. ಬರೆಸಂಗಿದ್ರೆ ತಗೊಂಡೋಗಿ."

ಜೋರಾಗಿ ಹೇಳಿರಲಿಲ್ಲ. ಆದರೂ ಅಟ್ಟದವರೆಗೆ ತುಂಬಿಕೊಂಡಂತಾಯಿತು. ಸದಾಶಿವಯ್ಯ ಕೈಯಲ್ಲಿದ್ದ ಫಲಕವನ್ನು ಒಮ್ಮೆ ನೋಡಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಪೇಚಾಟವಿತ್ತು. ಆಹ್ವಾನ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆಯೆಂದೂ, ಸಮಿತಿಯವರಿಗೆ ಏನೆಂದು ಹೇಳುವುದೆಂದೂ ತಮ್ಮಷ್ಟಕ್ಕೆ ಗೊಣಗಿದರು. ಹೋಗಲಿ ಯೋಚಿಸಿ, ನಾಳೆ ಫೋನ್ ಮಾಡಿ ಎಂದರು. ಯೋಚಿಸಿಯೇ ಹೇಳಿದ್ದು ಎಂದ ಮಾಯಣ್ಣ. ಸಿದ್ದಮ್ಮ ತಂದುಕೊಟ್ಟ ಎಳನೀರನ್ನು ಎಲ್ಲರೂ ನಿಂತೇ ಕುಡಿದರು. ಚಪ್ಪಲಿ ಮೆಟ್ಟಿಕೊಳ್ಳುತ್ತ ಸದಾಶಿವಯ್ಯ, ಹಾಗಾದರೆ ಗಾಜಿನ ಪೆಟ್ಟಿಗೆಗೆ ಒಂದು ರಾಕೆಟ್ಟಿನ ಮಾದರಿ ತರಿಸಬೇಕಾಗುತ್ತದೆ ಎಂದರು. ಭವ್ಯಶ್ರೀ ಮಾತ್ರ ಹಿಂದೆ ಉಳಿದು, ಆ ಚೌಕದೊಳಗಿನ ಅಡುಗೆಮನೆಯ ಫೋಟೋ ಒಂದನ್ನು ಫೋನಿನಲ್ಲಿ ತೆಗೆದುಕೊಂಡು ಹೋದಳು. ವ್ಯಾನು ಖಾಲಿಯಾಗಿ ತೋಟದ ದಾರಿಯಲ್ಲಿ ಕುಲುಕಾಡುತ್ತ ಹೋಯಿತು.

ಮಾಯಣ್ಣ ಬಂದು ಹಡಗಿನ ಪಕ್ಕದ ಮಣೆಯ ಮೇಲೆ ಕೂತ. ಏನು ಮಾಡಿಬಿಟ್ಟೆ ಎಂಬ ಅಳುಕಿತ್ತು, ಆದರೂ ಮನಸ್ಸು ಹಗುರವಾಗಿತ್ತು. ಗಾಜಿನೊಳಗೆ ದೀಪದ ಕೆಳಗೆ ತನ್ನ ಹಡಗು ನಿಲ್ಲುವುದನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದ! ಬೆರಳು ತಾನಾಗೇ ಹೋಗಿ ಆ ಬಿಳಿ ಗೀರನ್ನು ಸವರಿತು. ಎಣ್ಣೆ ಕೊಟ್ಟರೆ ಮಸುಕಾಗುತ್ತದೆ, ಹೋಗುವುದಿಲ್ಲ. ಸಿದ್ದಮ್ಮ ಎಳನೀರಿನ ಬುರುಡೆಗಳನ್ನು ಎತ್ತಿಡಲು ಬಂದವಳು ನಿಂತಳು. ಕೊಬ್ಬರಿಗೆ ಬೇಕಾದ ಜಾಗವನ್ನೆಲ್ಲ ಈ ಹಡಗು ತಿಂದಿತೆಂದು ಇಷ್ಟು ವರ್ಷ ಇದರ ಹತ್ತಿರ ಬರದವಳು, ಈಗ ಸೆರಗು ಸಿಕ್ಕಿಸಿಕೊಂಡು ಆ ಚೌಕದೊಳಗೆ ಇಣುಕಿದಳು. ನೋಡುತ್ತಲೇ ಇದ್ದಳು. ಅಡ್ಡಕಂಬಿ ಯಾಕೆ ಎಂದು ಕೇಳಿದಳು. ಹೇಳಿದ. ಅಷ್ಟು ಜನಕ್ಕೆ ಇಷ್ಟೇ ಒಲೆಯೇ ಎಂದಳು. ಅದಕ್ಕೂ ಹೇಳಿದ. ಹೇಳುತ್ತ ಹೇಳುತ್ತ, ಯಾವತ್ತೂ ಯಾರಿಗೂ ಹೇಳಿರದ ಆ ಬಿರುಗಾಳಿಯ ದಿನವನ್ನೂ ಹೇಳಿಬಿಟ್ಟ. ಹಡಗು ಮಗ್ಗುಲಿಗೆ ಮಗ್ಗುಲು ಬೀಳುತ್ತಿತ್ತು, ಯಾರ ಹೊಟ್ಟೆಯಲ್ಲೂ ನೀರು ನಿಲ್ಲುತ್ತಿರಲಿಲ್ಲ. ಅವನು ತನ್ನ ಸೊಂಟವನ್ನು ಹಗ್ಗದಿಂದ ಆ ಅಡ್ಡಕಂಬಿಗೆ ಕಟ್ಟಿಕೊಂಡು ಗಂಜಿ ಬೇಯಿಸಿದ. ಮಗ್ಗುಲು ಬಿದ್ದಾಗಲೆಲ್ಲ ಹಂಡೆಯ ಬಿಸಿ ಮುಂಗೈಗೆ ತಾಗುತ್ತಿತ್ತು. ಫಿರಂಗಿಯವರ ಮುಖಂಡ, ಒಮ್ಮೆ ಇದು ದನ ತಿನ್ನುವುದು ಎಂದು ಅವನ ತಟ್ಟೆ ತಳ್ಳಿದ್ದವನು, ಅವತ್ತು ನೆಲದ ಮೇಲೆ ಕೂತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಿದ್ದ. ಕುಡಿದು, ಖಾಲಿ ಲೋಟವನ್ನು ಮತ್ತೆ ಚಾಚಿದ್ದ.

ಸಿದ್ದಮ್ಮ ಅವನ ಮುಂಗೈಯ ಹಳೇ ಕಲೆಯನ್ನು ನೋಡಿದಳು. ಅದನ್ನು ಮದುವೆಯಾದಾಗಿನಿಂದ ನೋಡುತ್ತ ಬಂದವಳೇ. ಆಮೇಲೆ ಮತ್ತೆ ಬಗ್ಗಿ, ಕಣ್ಣು ಕಿರಿದು ಮಾಡಿ, ಅಡುಗೆ ಬಲ್ಲವಳ ಅನುಮಾನದಲ್ಲಿ ಕೇಳಿದಳು.

"ಎಲ್ಲಾ ಸರಿ. ಹೊಗೆ ಹೋಗಕ್ಕೆ ದಾರಿ ಎಲ್ಲೈತೆ ಇದಕ್ಕೆ?"

ಮಾಯಣ್ಣ ದೊಡ್ಡ ಹೊಗೆಕೊಳವೆಯ ಕಡೆ ಕೈ ತೋರಿಸಲು ಹೋದ. ಅದು ಎಂಜಿನ್ನಿನದು. ಅಡುಗೆಮನೆಗೆ ಬೇರೆಯದೇ ಇತ್ತು. ಸಣ್ಣದು, ಎಡಕ್ಕೆ ಬಗ್ಗಿದ್ದು, ಒಗ್ಗರಣೆಯ ಘಾಟೆಲ್ಲ ಅದರಲ್ಲಿ ಹೋಗಿ ಡೆಕ್ಕಿನ ಮೇಲೆ ಕಾವಲಿದ್ದವರ ಮೂಗಿಗೆ ಬಡಿದು, ಇವತ್ತೇನು ಎಂದು ಅವರು ಮೇಲಿಂದ ಕೂಗುತ್ತಿದ್ದರು. ಅದನ್ನೇ ಬಿಟ್ಟುಬಿಟ್ಟಿದ್ದ. ಅವನು ನಕ್ಕ. ಸಿದ್ದಮ್ಮನಿಗೂ ನಗು ಬಂತು, ಯಾಕೆಂದು ಅವಳಿಗೆ ಪೂರ್ತಿ ತಿಳಿಯದಿದ್ದರೂ.

ಊಟ ಮುಗಿಸಿದ್ದೇ ಅವನು ತುರುವೇಕೆರೆಯ ಬಸ್ಸು ಹತ್ತಿದ. ಮುನಾವರನ ಅಂಗಡಿಯಲ್ಲಿ ಜನವಿತ್ತು. ಕೆಟ್ಟ ಪಂಪುಗಳನ್ನು ತಂದು ಸರದಿ ಕಾಯುತ್ತಿದ್ದ ನಾಲ್ಕೈದು ರೈತರು ಕಲ್ಲಿನ ಮೇಲೆ ಕೂತಿದ್ದರು. ಮುನಾವರ್ ಲೇತು ನಿಲ್ಲಿಸಿ, ಹಡಗು ಹೋಯಿತೇ ಎಂದು ಕೇಳಿದ. ವ್ಯಾನು ಬಂದು ಹೋಯಿತು, ಹಡಗು ಮನೆಯಲ್ಲೇ ಇದೆ ಎಂದ ಮಾಯಣ್ಣ. ಮುನಾವರ್ ಕಾರಣ ಕೇಳದೆ, ಏನು ಬೇಕು ಎಂದ. ಸಣ್ಣ ಕೊಳವೆ ಬೇಕು, ತುದಿ ಎಡಕ್ಕೆ ಬಗ್ಗಬೇಕು ಎಂದು ಮಾಯಣ್ಣ ಬೆರಳಿನಲ್ಲಿ ಅಳತೆ ತೋರಿಸಿದ. ಮುನಾವರ್ ಡಬ್ಬಿಯೊಳಗೆ ಕೈಯಾಡಿಸಿ, ಒಂದು ಹಿತ್ತಾಳೆ ನಳಿಕೆಯನ್ನು ಆರಿಸಿ, ಬೆಳಕಿಗೆ ಹಿಡಿದು ನೋಡಿ, ರೈತರ ಸರದಿಯನ್ನು ತಪ್ಪಿಸಿ ಲೇತಿಗೆ ಸಿಕ್ಕಿಸಿದ. ಕಲ್ಲಿನ ಮೇಲೆ ಕೂತಿದ್ದ ಕಂದಿಕೆರೆಯ ಕಡೆಯ ಒಬ್ಬ ಮುದುಕ ಅಸಹನೆಯಿಂದ, ಅದ್ಯಾವ ಮೋಟರಿಂದಪ್ಪ ಅದು ಎಂದು ಕೇಳಿದ.

"ಮೋಟರಿಂದಲ್ಲ ಕಣಜ್ಜ," ಎಂದ ಮಾಯಣ್ಣ, ಎಲ್ಲರಿಗೂ ಕೇಳುವ ಹಾಗೆ. "ಯುದ್ಧದ ಹಡಗಿಂದು. ನಾನಲ್ಲಿ ಅಡುಗೆ ಮಾಡ್ತಿದ್ದೆ. ನಮ್ಮ ಅಡುಗೆಮನೆ ಹೊಗೆಗೂಡು ಇದು."

ಮುದುಕ ತಲೆಯಾಡಿಸಿ, ಸ್ವಲ್ಪ ಸರಿದು, ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟ. ಎಷ್ಟು ಜನಕ್ಕೆ ಮಾಡುತ್ತಿದ್ದೆ ಎಂದು ಕೇಳಿದ. ಲೇತು ಶುರುವಾಯಿತು, ನಳಿಕೆಯ ತುದಿಯಿಂದ ಹಿತ್ತಾಳೆಯ ಹೊಳೆಯುವ ಎಳೆ ಸುರುಳಿ ಸುತ್ತಿಕೊಂಡು ಕೆಳಗಿಳಿಯತೊಡಗಿತು. ಆ ಸದ್ದಿನಲ್ಲಿ ಕೇಳಿಸಬೇಕೆಂದು ಮಾಯಣ್ಣ ಧ್ವನಿಯೆತ್ತಿ ಹೇಳತೊಡಗಿದ.